ಬಿದ್ದ ಕಟ್ಟಡ ಗುಡಿಸೋಕೆ ಯಾಕಿಷ್ಟು ಅವಸರ

ಭೂಕಂಪ ಆದ ಊರಿನ ಚಿತ್ರಗಳು ಬಂದರೆ ನಾನು ಮೊದಲು ನೋಡುವುದು ಕಾಲಮ್ಮಿನ, ಅಂದರೆ ಕಟ್ಟಡ ಹೊರುವ ಕಾಂಕ್ರೀಟು ಕಂಬದ ಬುಡ. ಡ್ರೋನ್‌ನಿಂದ ತೆಗೆದ ಚಿತ್ರಗಳಿಂದ ನನಗೆ ಹೆಚ್ಚೇನೂ ತಿಳಿಯುವುದಿಲ್ಲ. ಮೇಲಿಂದ ನೋಡಿದರೆ ಊರಿಗೆ ಊರೇ ಬೂದು ಬಣ್ಣದ ರಾಶಿ, ಅಯ್ಯೋ ಅನಿಸುತ್ತದೆ, ಅಷ್ಟೇ. ರಸ್ತೆಯಲ್ಲಿ ನಿಂತು ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರ ಸಿಕ್ಕರೆ ಅದನ್ನು ದೊಡ್ಡದು ಮಾಡಿಕೊಂಡು ಕೂರುತ್ತೇನೆ. ಕಂಬಿ ಹೇಗೆ ಬಾಗಿದೆ, ಕಂಬಿಗಳ ಸುತ್ತ ಹಾಕಿದ ರಿಂಗು ಬಿಚ್ಚಿಕೊಂಡಿದೆಯೋ ಇಲ್ಲವೋ, ಕಾಂಕ್ರೀಟು ಒಡೆದ ಕಡೆ ಜಲ್ಲಿ ಕಾಣುತ್ತಿದೆಯೋ ಬರೀ ಪುಡಿ ಕಾಣುತ್ತಿದೆಯೋ. ಕಟ್ಟಡದ ಕೆಲಸದಲ್ಲಿ ಇರುವವರಿಗೆ ಈ ಚಾಳಿ ಬಿಡುವುದಿಲ್ಲ. ಅಷ್ಟು ಜನ ಸತ್ತಿದ್ದಾರೆ, ನೀನು ಕಂಬಿ ಎಣಿಸುತ್ತಾ ಕೂತಿದ್ದೀಯಲ್ಲ ಅಂತ ಮನೆಯಲ್ಲಿ ಬೈಸಿಕೊಂಡದ್ದೂ ಉಂಟು. ಆದರೆ ಆ ಜನ ಯಾಕೆ ಸತ್ತರು ಅನ್ನುವುದಕ್ಕೆ ಉತ್ತರ ಬಹುಪಾಲು ಆ ಕಂಬಿಯಲ್ಲೇ ಇರುತ್ತದೆ.

ನನ್ನ ತಕರಾರು ಏನೆಂದರೆ, ನಾವು ಆ ರಾಶಿಯನ್ನು ಮೊದಲ ದಿನದಿಂದಲೇ ಕಸ ಅಂತ ನೋಡುತ್ತೇವೆ. ಎಷ್ಟು ಬೇಗ ಗುಡಿಸಿ ಲಾರಿಗೆ ತುಂಬಿದರೆ ಆಡಳಿತ ಅಷ್ಟು ಚುರುಕು ಅಂತ ಲೆಕ್ಕ. ಸುದ್ದಿಯಲ್ಲೂ ಅದೇ, ಇಷ್ಟು ದಿನದಲ್ಲಿ ಇಷ್ಟು ಲೋಡು ಎತ್ತಿದರು ಅಂತ. ರಸ್ತೆ ಬಿಡಿಸಬೇಕು, ಆಂಬುಲೆನ್ಸ್ ಹೋಗಬೇಕು, ಅದಕ್ಕೆ ನನ್ನದೇನೂ ಅಡ್ಡಿ ಇಲ್ಲ. ಆದರೆ ಬಿದ್ದ ಕಟ್ಟಡ ಕಸ ಆಗುವುದಕ್ಕೆ ಮೊದಲು ಬೇರೆ ಏನೇನೋ ಆಗಿರುತ್ತದೆ.

ಮೊದಲು ಬೀಳುವ ಬಗೆ ನೋಡೋಣ. ಕಟ್ಟಡಗಳೆಲ್ಲ ಒಂದೇ ಥರ ಬೀಳುವುದಿಲ್ಲ, ಹೇಗೆ ಬಿತ್ತು ಅನ್ನುವುದರಲ್ಲೇ ಅರ್ಧ ಕಥೆ ಇರುತ್ತದೆ. ಪಾರ್ಕಿಂಗ್‌ಗೆ ಅಂತ ನೆಲಮಹಡಿಯಲ್ಲಿ ಗೋಡೆ ಕಟ್ಟದೆ ಬರೀ ಕಾಲಮ್ ಬಿಟ್ಟಿರುತ್ತಾರಲ್ಲ, ಅಂಥ ಕಟ್ಟಡ ತೆಗೆದುಕೊಳ್ಳಿ. ಮೇಲಿನ ಮಹಡಿಗಳ ತುಂಬ ಇಟ್ಟಿಗೆ ಗೋಡೆ, ಅವು ಗಟ್ಟಿಯಾಗಿ ಒಂದೇ ಪೆಟ್ಟಿಗೆಯಂತೆ ಅಲುಗುತ್ತವೆ. ಬಾಗಬೇಕಾದ ಕೆಲಸವೆಲ್ಲ ಕೆಳಗಿನ ಆ ಬೋಳು ಕಾಲಮ್ಮುಗಳ ತಲೆಗೂ ಬುಡಕ್ಕೂ ಬಂದು ಬೀಳುತ್ತದೆ. ಕೊನೆಗೆ ನೋಡಿದರೆ ಮೇಲಿನ ಮೂರು ನಾಲ್ಕು ಮಹಡಿ ಇದ್ದ ಹಾಗೇ ಇರುತ್ತವೆ, ಕಿಟಕಿ ಗಾಜು ಸಮೇತ. ನೆಲಮಹಡಿ ಮಾತ್ರ ಮಾಯ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಹಮದಾಬಾದ್ ನಗರ ಭೂಕಂಪದ ಕೇಂದ್ರದಿಂದ 200 ಕಿಲೋಮೀಟರಿಗಿಂತ ದೂರದಲ್ಲಿತ್ತು. ಅಷ್ಟು ದೂರದಲ್ಲೂ ಅಲ್ಲಿ ಹತ್ತಾರು ಅಪಾರ್ಟ್‌ಮೆಂಟುಗಳು ಕುಸಿದವು, 700ಕ್ಕೂ ಹೆಚ್ಚು ಜನ ಸತ್ತರು. ಬಿದ್ದವುಗಳಲ್ಲಿ ಬಹಳಷ್ಟು ಈ ಬೋಳು ನೆಲಮಹಡಿಯವೇ. ಪಕ್ಕದ ಕಟ್ಟಡ ನಿಂತಿದೆ, ಇದು ಬಿದ್ದಿದೆ. ಭೂಕಂಪ ಎರಡಕ್ಕೂ ಒಂದೇ ಅಲ್ವಾ.

ಕೆಲವು ಕಡೆ ಮಧ್ಯದ ಮಹಡಿ ಹೋಗುತ್ತದೆ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ನಗರಸಭೆಯದೇ ಒಂದು 8 ಮಹಡಿಯ ಕಟ್ಟಡದ 6ನೇ ಮಹಡಿ ಚಪ್ಪಟೆಯಾಯಿತು, ಕೆಳಗಿನ ಐದೂ ಮೇಲಿನ ಎರಡೂ ಉಳಿದವು. ಹಳೇ ನಿಯಮದಲ್ಲಿ ಮೇಲಕ್ಕೆ ಹೋದ ಹಾಗೆ ಕಾಲಮ್ಮಿನ ಬಲ ಕಡಿಮೆ ಮಾಡಿಕೊಂಡು ಹೋಗಿದ್ದಕ್ಕೆ ಸಿಕ್ಕ ಫಲ ಅದು. 1964ರಲ್ಲಿ ಅದೇ ದೇಶದ ನೀಗಾಟದಲ್ಲಿ ಇನ್ನೊಂದು ಬಗೆ. ಅಲ್ಲಿ ಕಟ್ಟಡ ಒಡೆಯಲೇ ಇಲ್ಲ, ಅಡಿಯ ನೀರು ತುಂಬಿದ ಮರಳು ಅಲುಗಾಟಕ್ಕೆ ಗಂಜಿಯಾಯಿತು, ಅಪಾರ್ಟ್‌ಮೆಂಟ್ ನಿಧಾನವಾಗಿ ಹಿಂದಕ್ಕೆ ವಾಲಿ ಹೆಚ್ಚುಕಡಿಮೆ ಮಲಗಿಬಿಟ್ಟಿತು. ಜನ ಕಿಟಕಿಯಿಂದ ಹೊರಗೆ ಬಂದು ಗೋಡೆಯ ಮೇಲೆ ನಡೆದುಕೊಂಡು ಇಳಿದರು. ಆ ಚಿತ್ರ ಇಂದಿಗೂ ಇಂಜಿನಿಯರಿಂಗ್ ಪಾಠಗಳಲ್ಲಿ ಬರುತ್ತದೆ. ಕಟ್ಟಿದವರ ಕಾಂಕ್ರೀಟಿಗೆ ನೂರಕ್ಕೆ ನೂರು, ಮಣ್ಣು ನೋಡಿದವರಿಗೆ ಸೊನ್ನೆ.

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ಸಿಟಿಯಲ್ಲಿ ಆದದ್ದು ಎಲ್ಲಕ್ಕಿಂತ ವಿಚಿತ್ರ. ಭೂಕಂಪದ ಕೇಂದ್ರ ಶಾಂತಸಾಗರದ ಕರಾವಳಿಯಲ್ಲಿ, ನಗರದಿಂದ 350 ಕಿಲೋಮೀಟರಿನಷ್ಟು ಆಚೆ. ಮಧ್ಯದಲ್ಲಿದ್ದ ಎಷ್ಟೋ ಊರುಗಳಿಗಿಂತ ಜಾಸ್ತಿ ಹಾನಿ ಆದದ್ದು ಇಲ್ಲಿ. ಯಾಕೆಂದರೆ ನಗರದ ದೊಡ್ಡ ಭಾಗ ನಿಂತಿರುವುದು ಟೆಸ್ಕೊಕೊ ಅನ್ನುವ ಹಳೇ ಸರೋವರದ ತಳದ ಮೇಲೆ, ಅಲ್ಲಿರುವುದು ಮೆತ್ತನೆ ಜೇಡಿಮಣ್ಣು. ಆ ಜೇಡಿ ಸುಮಾರು 2 ಸೆಕೆಂಡಿಗೆ ಒಂದು ಸಲದ ಲಯದಲ್ಲಿ ಆಚೆಗೆ ಈಚೆಗೆ ತೂಗಿತು. ಗಿಡ್ಡ ಮನೆಗಳ ಲಯ ಅದಕ್ಕಿಂತ ಚುರುಕು, ತುಂಬ ಎತ್ತರದ ಗೋಪುರಗಳ ಲಯ ಅದಕ್ಕಿಂತ ನಿಧಾನ. ಸಿಕ್ಕಿಹಾಕಿಕೊಂಡದ್ದು ನಡುವಿನವು, 6ರಿಂದ 15 ಮಹಡಿಯ ಕಟ್ಟಡಗಳು. ಅವುಗಳ ಲಯವೂ ನೆಲದ ಲಯವೂ ಹೊಂದಿಕೊಂಡು ಪ್ರತಿ ತೂಗಿಗೂ ವಾಲಾಟ ಹೆಚ್ಚಾಗುತ್ತಾ ಹೋಯಿತು. ಬಿದ್ದ ಕಟ್ಟಡಗಳ ಪಟ್ಟಿ ಮಾಡಿ, ಎಷ್ಟು ಮಹಡಿ, ಯಾವ ಮಣ್ಣು ಅಂತ ನಕ್ಷೆಯಲ್ಲಿ ಗುರುತು ಹಾಕಿದಾಗ ಈ ಮಾದರಿ ಎದ್ದು ಕಂಡಿತು. ಯಾವುದು ಎಲ್ಲಿತ್ತು ಅಂತ ಬರೆದಿಡದೆ ಎಲ್ಲ ಒಟ್ಟಿಗೆ ಎತ್ತಿ ಹೊರಗೆ ಹಾಕಿದ್ದರೆ ಆ ನಕ್ಷೆ ಎಲ್ಲಿಂದ ಬರಬೇಕು.

ಇನ್ನು ರಿಂಗಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ರಿಂಗಿನ ಕೊಕ್ಕೆ ಯಾವ ಕಡೆ ಬಾಗಿದೆ ಅಂತ ಒಬ್ಬರೂ ಕೇಳುವುದಿಲ್ಲ. ಕಾಲಮ್ಮಿನಲ್ಲಿ ಉದ್ದಕ್ಕೆ ನಿಂತ ದಪ್ಪ ಕಂಬಿಗಳಿರುತ್ತವೆ. ಅವನ್ನು ಸುತ್ತಲೂ ಹಿಡಿದು ನಿಲ್ಲಿಸುವ ತೆಳು ಕಂಬಿಯೇ ರಿಂಗು. ಬಾರ್ ಬೆಂಡರ್ ಅದನ್ನು ಚೌಕಕ್ಕೆ ಬಗ್ಗಿಸಿ ಎರಡು ತುದಿಯಲ್ಲೂ ಕೊಕ್ಕೆ ಮಾಡುತ್ತಾನೆ. ಕೊಕ್ಕೆಯನ್ನು 90 ಡಿಗ್ರಿಗೆ ನಿಲ್ಲಿಸಿದರೆ ಕೆಲಸ ಬೇಗ, ಕಟ್ಟುವುದೂ ಸಲೀಸು. ಇನ್ನೂ ಬಗ್ಗಿಸಿ 135 ಡಿಗ್ರಿಗೆ ತಂದರೆ ತುದಿ ಕಾಲಮ್ಮಿನ ಒಳಗಡೆಗೆ ಮುಖ ಮಾಡಿ ಕೂರುತ್ತದೆ. ಕಟ್ಟಡ ಸುಮ್ನೆ ನಿಂತಿರುವಾಗ ಎರಡಕ್ಕೂ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ, ನೂರು ವರ್ಷ ನಿಂತರೂ ಗೊತ್ತಾಗುವುದಿಲ್ಲ. ನೆಲ ಅಲುಗಾಡಿದಾಗ ಕಾಲಮ್ಮಿನ ಹೊರಗಿನ ಒಂದೆರಡು ಇಂಚಿನ ಕವರ್ ಕಾಂಕ್ರೀಟು ಮೊದಲು ಉದುರುತ್ತದೆ. 90 ಡಿಗ್ರಿ ಕೊಕ್ಕೆಗೆ ಹಿಡಿತ ಇದ್ದದ್ದೇ ಆ ಕವರಿನಲ್ಲಿ. ಅದು ಹೋದ ತಕ್ಷಣ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದ ಕಂಬಿಗಳು ಹೊರಕ್ಕೆ ಉಬ್ಬಿ ಬಾಗುತ್ತವೆ, ಒಳಗಿನ ಕಾಂಕ್ರೀಟು ಜಲ್ಲಿ ಜಲ್ಲಿಯಾಗಿ ಹೊರಗೆ ಚೆಲ್ಲುತ್ತದೆ. ಭಾರತದಲ್ಲಿ ಐಎಸ್ 13920 ಅನ್ನುವ ನಿಯಮಾವಳಿ 1993ರಿಂದಲೂ 135 ಡಿಗ್ರಿ ಬೇಕು ಅಂತಲೇ ಹೇಳುತ್ತಿದೆ. ಅದಕ್ಕೆ ಬೇಕಾಗುವುದು ಪ್ರತಿ ರಿಂಗಿಗೆ ಒಂದು ಗೇಣಿಗಿಂತ ಕಡಿಮೆ ಹೆಚ್ಚುವರಿ ಕಂಬಿ, ಬೆಂಡರ್‌ನಿಂದ ಇನ್ನೊಂದು ಒತ್ತು.

ಬಿದ್ದ ಕಟ್ಟಡಗಳ ಚಿತ್ರದಲ್ಲಿ ಆ ತೆರೆದುಕೊಂಡ ಕೊಕ್ಕೆಗಳು ಕಾಣುತ್ತವೆ. ಒಂದು ಸಲ ಕಣ್ಣಿಗೆ ಅಭ್ಯಾಸ ಆದರೆ ಎಲ್ಲ ಕಡೆ ಅದೇ ಕಾಣುತ್ತದೆ, ಯಾವ ದೇಶವಾದರೂ.

ಈಗ ಜನ ಒಳಗಿರುವ ಹೊತ್ತಿನ ಮಾತು. ಸ್ಲ್ಯಾಬ್ ಮೇಲೆ ಸ್ಲ್ಯಾಬ್ ಚಾಪೆ ಪೇರಿಸಿಟ್ಟ ಹಾಗೆ ಕೂತುಬಿಟ್ಟಾಗ ನೋಡುವವರಿಗೆ ಅನಿಸುವುದು ಒಂದೇ, ದೊಡ್ಡ ಕ್ರೇನ್ ತಂದು ಎತ್ತಬಾರದಾ ಅಂತ. ಒಂದು ಲೆಕ್ಕ ಹಾಕಿ ನೋಡಿ. 10 ಮೀಟರ್ ಉದ್ದ, 10 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಒಂದು ಸ್ಲ್ಯಾಬ್ ಅಂದರೆ 15 ಘನ ಮೀಟರ್ ಕಾಂಕ್ರೀಟು, ಸುಮಾರು 37 ಟನ್ ತೂಕ. ಅದು ಒಂದು ಕಡೆ ಬೀಮಿನ ತುಂಡಿಗೆ, ಇನ್ನೊಂದು ಕಡೆ ಯಾವುದೋ ಬೀರುವಿಗೆ ಆತುಕೊಂಡು ನಿಂತಿರುತ್ತದೆ. ಬದುಕಿರುವವರು ಇರುವುದು ಆ ಆತುಕೊಂಡ ಸಂದಿಯಲ್ಲಿ. ಒಂದು ಮೂಲೆ ಎತ್ತಿದರೆ ಇನ್ನೊಂದು ಮೂಲೆ ಕೂರುತ್ತದೆ. ಅದಕ್ಕೇ ತಿಳಿದವರು ಮೊದಲು ಮರದ ದಿಮ್ಮಿ ಕೊಟ್ಟು ಆಸರೆ ಮಾಡುತ್ತಾರೆ, ಆಮೇಲೆ ಪಕ್ಕದಿಂದಲೋ ಮೇಲಿಂದಲೋ ಸಣ್ಣ ತೂತು ಕೊರೆದು ಒಳಗೆ ನುಗ್ಗುತ್ತಾರೆ. 1985ರಲ್ಲಿ ಮೆಕ್ಸಿಕೊದಲ್ಲಿ ಮಾಮೂಲಿ ಹುಡುಗರು ಬರಿಗೈಯಲ್ಲಿ ಹಾಗೆ ನುಗ್ಗಿ ನುಗ್ಗಿ ಒಂದು ತಂಡವೇ ಆಯಿತು. ಲೋಸ್ ಟೋಪೋಸ್ ಅಂತ ಹೆಸರು, ಸುರಂಗ ತೋಡುವ ಪ್ರಾಣಿಯ ಹೆಸರದು. ಆಮೇಲೆ ಬೇರೆ ಬೇರೆ ದೇಶಗಳ ಭೂಕಂಪಗಳಿಗೂ ಹೋದರು. 2017ರಲ್ಲಿ, ಅದೂ ಅದೇ ಸೆಪ್ಟೆಂಬರ್ 19ರಂದೇ, ಅಲ್ಲಿ ಮತ್ತೆ ಭೂಕಂಪ ಆಯಿತು. ರಾಶಿಯ ಮೇಲೆ ನಿಂತವರು ಮುಷ್ಟಿ ಮೇಲಕ್ಕೆತ್ತಿದರೆ ಇಡೀ ಬೀದಿ ಸದ್ದು ನಿಲ್ಲಿಸುತ್ತಿತ್ತು. ಲಾರಿ ಇಂಜಿನ್ ಬಂದ್, ಮಾತು ಬಂದ್. ಒಳಗಿಂದ ದನಿ ಬರುತ್ತದಾ ಅಂತ ಕೇಳಿಸಿಕೊಳ್ಳಬೇಕಲ್ಲ.

ದೊಡ್ಡ ಯಂತ್ರ ಯಾವಾಗ ಇಳಿಸಬೇಕು ಅನ್ನುವುದು ತುಂಬ ಕಷ್ಟದ ತೀರ್ಮಾನ. ಒಳಗೆ ಯಾರೂ ಉಳಿದಿಲ್ಲ ಅಂತ ಒಬ್ಬ ಅಧಿಕಾರಿ ಹೇಳಬೇಕು, ಹೊರಗೆ ಮನೆಯವರು ನಿಂತಿರುತ್ತಾರೆ. ಅದರ ಬಗ್ಗೆ ಹೊರಗೆ ಕೂತು ಮಾತಾಡುವುದು ಸುಲಭ, ನಾನು ಆಡುವುದಿಲ್ಲ.

ಬೀಳದೆ ನಿಂತ ಕಟ್ಟಡಗಳದ್ದು ಬೇರೆ ಪಾಡು. ಭೂಕಂಪ ಆದ ಮೇಲೆ ಇಂಜಿನಿಯರುಗಳು ಬೀದಿ ಬೀದಿ ಸುತ್ತಿ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಹಸಿರು ಅಂದರೆ ಒಳಗೆ ಹೋಗಬಹುದು, ಹಳದಿ ಅಂದರೆ ಷರತ್ತಿನ ಮೇಲೆ, ಕೆಂಪು ಅಂದರೆ ಕಾಲಿಡಬೇಡಿ. 1989ರಲ್ಲಿ ಅಮೆರಿಕದಲ್ಲಿ ಈ ಪದ್ಧತಿಯನ್ನು ಕ್ರಮಬದ್ಧ ಮಾಡಿದರು, ಈಗ ತುಂಬ ಕಡೆ ಇದೇ ನಡೆಯುತ್ತದೆ. ಉಪಯೋಗದ ಪದ್ಧತಿಯೇ. ಆದರೆ ಹಸಿರು ಚೀಟಿ ಅಂದರೆ ಕಟ್ಟಡ ಗಟ್ಟಿ ಅಂತ ಜನ ತಿಳಿಯುತ್ತಾರೆ. ಅದು ಹೇಳುವುದು ಇಷ್ಟೇ, ಮೇಲ್ನೋಟಕ್ಕೆ ಈ ಭೂಕಂಪದಿಂದ ದೊಡ್ಡ ಪೆಟ್ಟು ಕಾಣುತ್ತಿಲ್ಲ ಅಂತ. ಮೊದಲೇ ದುರ್ಬಲವಾಗಿದ್ದ ಕಟ್ಟಡ ಈ ಸಲ ಹೇಗೋ ಬಚಾವಾಗಿದ್ದರೂ ಹಸಿರೇ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಆದದ್ದು ಇದೇ. 2010ರ ಸೆಪ್ಟೆಂಬರ್ 4ರಂದು ಅಲ್ಲಿ 7.1 ತೀವ್ರತೆಯ ಭೂಕಂಪ ಆಯಿತು, ಊರ ಹೊರಗೆ, ನಸುಕಿನಲ್ಲಿ. ಸಿಟಿವಿ ಬಿಲ್ಡಿಂಗ್ ಅನ್ನುವ 6 ಮಹಡಿಯ ಕಟ್ಟಡಕ್ಕೆ ಆಮೇಲೆ ಹಸಿರು ಚೀಟಿ ಸಿಕ್ಕಿತು, ಕಚೇರಿಗಳು, ಇಂಗ್ಲಿಷ್ ಕಲಿಸುವ ಶಾಲೆ ಎಲ್ಲ ಅಲ್ಲಿ ನಡೆಯುತ್ತಿದ್ದವು. 2011ರ ಫೆಬ್ರವರಿ 22ರಂದು ಮಧ್ಯಾಹ್ನ 6.3ರ ಭೂಕಂಪ ಆಯಿತು, ತೀವ್ರತೆ ಕಡಿಮೆ, ಆದರೆ ಊರಿಗೆ ತೀರ ಹತ್ತಿರ, ಆಳವೂ ಕಡಿಮೆ. ಕೆಲವೇ ಸೆಕೆಂಡುಗಳಲ್ಲಿ ಆ ಕಟ್ಟಡದ ಮಹಡಿಗಳೆಲ್ಲ ಕೂತುಬಿಟ್ಟವು, ಲಿಫ್ಟು ಮೆಟ್ಟಿಲಿದ್ದ ಗೋಡೆಗಳ ಗೋಪುರ ಒಂದು ಮಾತ್ರ ಒಂಟಿಯಾಗಿ ನಿಂತಿತು. ಆಮೇಲೆ ಬೆಂಕಿ ಬೇರೆ. ಇಡೀ ಊರಿನಲ್ಲಿ ಸತ್ತ 185 ಜನರಲ್ಲಿ 115 ಜನ ಈ ಒಂದೇ ಕಟ್ಟಡದವರು.

ಇಲ್ಲಿಂದ ಮುಂದಿನ ಕಥೆಯೇ ನನಗೆ ಮುಖ್ಯ. ಸರ್ಕಾರ ರಾಯಲ್ ಕಮಿಷನ್ ಅನ್ನುವ ವಿಚಾರಣಾ ಆಯೋಗ ಮಾಡಿತು. ಈ ಕಟ್ಟಡದ ಅವಶೇಷದಲ್ಲಿ ಸಿಕ್ಕ ಕಾಲಮ್ ತುಂಡುಗಳಿಂದ ಕಾಂಕ್ರೀಟ್ ಮಾದರಿ ತೆಗೆದು ಪರೀಕ್ಷೆ ಮಾಡಿದರು. ಮೊದಲು ಬಂದ ವರದಿ ಕಾಂಕ್ರೀಟೇ ದುರ್ಬಲ ಇದ್ದಿರಬಹುದು ಅಂದಿತು. ಅದರ ಮೇಲೆ ಜೋರು ವಾದ ಆಯಿತು, ಬಿದ್ದು ಜಜ್ಜಿ ಬೆಂಕಿ ಕಂಡ ತುಂಡಿನಿಂದ ತೆಗೆದ ಮಾದರಿಯನ್ನು ಎಷ್ಟು ನಂಬಬೇಕು ಅಂತ. ಮತ್ತೆ ಪರೀಕ್ಷೆಗಳಾದವು. ಕಾಂಕ್ರೀಟಿನ ಮೇಲಿದ್ದ ಅನುಮಾನ ಹಿಂದೆ ಸರಿಯಿತು, ವಿನ್ಯಾಸದ ದೋಷ ಮುಂದೆ ಬಂತು. 400 ಮಿಲಿಮೀಟರ್ ವ್ಯಾಸದ ದುಂಡು ಕಾಲಮ್ಮುಗಳು, ಅದರ ಸುತ್ತ ರಿಂಗಿನ ಬದಲು ಸುರುಳಿ ಕಂಬಿ, ದಪ್ಪ ಬರೀ 6 ಮಿಲಿಮೀಟರ್, ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ 250 ಮಿಲಿಮೀಟರ್ ಅಂತರ. ಓದಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಕಾಲು ಮೀಟರಿಗೆ ಒಂದು ಸುತ್ತು ಅಂದರೆ ಕಾಲಮ್ಮಿಗೆ ಬಟ್ಟೆಯೇ ಇಲ್ಲ ಅಂತ ಅರ್ಥ. ಬೀಮು ಕಾಲಮ್ ಸೇರುವ ಗಂಟುಗಳೂ ಹಾಗೇ ದುರ್ಬಲ, ಮಹಡಿಗೂ ಆ ಗೋಪುರಕ್ಕೂ ಇದ್ದ ಜೋಡಣೆಯೂ ಸಾಲದು. 1986ರಲ್ಲಿ ಈ ನಕ್ಷೆಗೆ ಪರವಾನಗಿಯನ್ನೇ ಕೊಡಬಾರದಿತ್ತು ಅಂತ ಆಯೋಗ ಹೇಳಿತು.

ತುಂಡುಗಳು ಸಿಗದಿದ್ದರೆ ಏನಾಗುತ್ತಿತ್ತು ಯೋಚಿಸಿ. ಭೂಕಂಪ ಜೋರಾಗಿತ್ತು, ಕಟ್ಟಡ ಬಿತ್ತು, ದೈವೇಚ್ಛೆ, ಮುಗೀತು. ಇಲ್ಲದಿದ್ದರೆ ಮೊದಲ ವರದಿಯೇ ಕೊನೆಯ ವರದಿ ಆಗಿ, ಕಾಂಕ್ರೀಟು ಹಾಕಿದವನ ತಲೆಗೆ ಎಲ್ಲ ಬರುತ್ತಿತ್ತು. ಅವಶೇಷ ಇಟ್ಟುಕೊಳ್ಳುವುದು ತಪ್ಪು ಮಾಡಿದವನನ್ನು ಹಿಡಿಯೋಕೆ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ, ತಪ್ಪು ಮಾಡದವನಿಗೂ ಅದೇ ಆಧಾರ.

ಟರ್ಕಿಯ ಉದಾಹರಣೆ ಹೇಳದೆ ಇದು ಮುಗಿಯುವುದಿಲ್ಲ. 1999ರ ಆಗಸ್ಟ್ 17ರಂದು ಇಜ್ಮಿತ್ ಸುತ್ತ ಭೂಕಂಪ ಆದಾಗ, 17,000ಕ್ಕೂ ಹೆಚ್ಚು ಜನ ಸತ್ತಾಗ, ಒಡೆದ ಕಾಂಕ್ರೀಟಿನಲ್ಲಿ ಕಪ್ಪೆಚಿಪ್ಪು ಸಿಕ್ಕಿದವು. ಸಮುದ್ರದ ಮರಳು ತೊಳೆಯದೆ ಹಾಗೇ ಕಲಸಿದ್ದರು. ಉಪ್ಪು ಕಂಬಿಯನ್ನು ಒಳಗೊಳಗೇ ತಿನ್ನುತ್ತದೆ ಅಂತ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಆಮೇಲೆ ನಿಯಮ ಬಿಗಿ ಮಾಡಿದರು, ಕಾಗದದ ಮೇಲೆ ಒಳ್ಳೆಯ ನಿಯಮಗಳೇ. ಆದರೆ 2018ರಲ್ಲಿ, ನಿಯಮ ಮೀರಿ ಕಟ್ಟಿದವರು ದುಡ್ಡು ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ಅವಕಾಶ ಕೊಟ್ಟರು. ಲಕ್ಷಾಂತರ ಕಟ್ಟಡಗಳು ಹಾಗೆ ಸಕ್ರಮ ಆದವು. ಸಕ್ರಮ ಅನ್ನುವ ಮಾತು ನಮಗೇನೂ ಹೊಸದಲ್ಲ, ಅದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಚಲನ್ ಕಟ್ಟಿದರೆ ಕಾಲಮ್ಮಿಗೆ ರಿಂಗು ಬರುವುದಿಲ್ಲ. 2023ರ ಫೆಬ್ರವರಿ 6ರಂದು ಒಂದೇ ದಿನ 7.8 ಮತ್ತು 7.5ರ ಎರಡು ಭೂಕಂಪ ಆದವು. ಟರ್ಕಿಯೊಂದರಲ್ಲೇ 53,000ಕ್ಕೂ ಹೆಚ್ಚು ಜನ ಹೋದರು. ಅಂತಾಕ್ಯ ನಗರದಲ್ಲಿ ಸುಮಾರು ಹತ್ತು ವರ್ಷದ ಹಿಂದೆ ಕಟ್ಟಿದ್ದ 12 ಮಹಡಿಯ ಐಷಾರಾಮಿ ವಸತಿ ಸಮುಚ್ಚಯವೊಂದು ಪಕ್ಕಕ್ಕೆ ಉರುಳಿಬಿತ್ತು. ಹಳೇ ಕಟ್ಟಡ ಬಿದ್ದರೆ ಹಳೇದು ಅನ್ನಬಹುದು, ಇದಕ್ಕೇನು ಹೇಳುವುದು.

ಆ ಸಲ ಅಲ್ಲಿನ ಸರ್ಕಾರ ಭೂಕಂಪದ ಅಪರಾಧಗಳ ತನಿಖೆಗೇ ಅಂತ ಪ್ರತ್ಯೇಕ ವಿಭಾಗಗಳನ್ನು ತೆರೆಯಿತು, ರಾಶಿ ಎತ್ತುವ ಮೊದಲು ಕಾಂಕ್ರೀಟು ಮತ್ತು ಕಂಬಿಯ ಮಾದರಿ ತೆಗೆಯಬೇಕು ಅಂತ ಹೇಳಿತು. ವಕೀಲರ ಸಂಘಗಳು ಕಾವಲು ನಿಂತ ಹಾಗೆ ಕೂಗಿಕೊಂಡವು, ಸಾಕ್ಷಿ ಹೋಗುತ್ತಿದೆ, ನಿಲ್ಲಿಸಿ ಅಂತ. ಒಂದು ಕಡೆ ಮಾದರಿ ತೆಗೆಯುವವರು, ಇನ್ನೊಂದು ಕಡೆ ಲಾರಿ ತುಂಬುವವರು. ಆದಿಯಮಾನ್ ನಗರದ ಒಂದು ಹೋಟೆಲ್ ಕುಸಿದು 72 ಜನ ಸತ್ತಿದ್ದರು, ಅದರಲ್ಲಿ ಉತ್ತರ ಸೈಪ್ರಸ್‌ನಿಂದ ವಾಲಿಬಾಲ್ ಆಡೋಕೆ ಬಂದಿದ್ದ ಶಾಲೆಯ ಮಕ್ಕಳೂ ಇದ್ದರು. ಹೊಳೆಯ ಮರಳು ಜಲ್ಲಿಯನ್ನು ಹಾಗೇ ಬಳಸಿದ್ದು ತಜ್ಞರ ವರದಿಯಲ್ಲಿ ಬಂತು. ಆ ಮಕ್ಕಳ ಅಪ್ಪ ಅಮ್ಮಂದಿರು ಬೆನ್ನು ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಹೋಟೆಲ್ ಮಾಲೀಕನಿಗೆ 18 ವರ್ಷ ದಾಟಿದ ಜೈಲು ಶಿಕ್ಷೆ ಆಯಿತು.

ಅಂತಾಕ್ಯ ಇರುವ ಹತಾಯ್ ಪ್ರಾಂತ್ಯದಲ್ಲೇ ಎರ್ಜಿನ್ ಅನ್ನುವ ಊರು ಇದೆ. ಸುತ್ತ ಎಲ್ಲ ಬಿದ್ದರೂ ಅಲ್ಲಿ ಕಟ್ಟಡ ಕುಸಿಯಲಿಲ್ಲ. ಅಕ್ರಮ ಕಟ್ಟಡಕ್ಕೆ ನಾವು ಬಿಡಲಿಲ್ಲ ಅಂತ ಅಲ್ಲಿನ ಮೇಯರ್ ಹೇಳಿದ್ದು ಎಲ್ಲ ಕಡೆ ಸುದ್ದಿಯಾಯಿತು. ಭೂಗರ್ಭ ತಜ್ಞರು ನೆಲ ಗಟ್ಟಿ ಇದ್ದದ್ದೂ ಕಾರಣ ಅಂದರು. ಎರಡೂ ಇರಬಹುದು. ಹೀರೋ ಸಿಕ್ಕರೆ ಮಣ್ಣನ್ನು ಮರೆಯುವುದು ನಮ್ಮ ಸ್ವಭಾವ.

ರಾಶಿಯ ಪ್ರಮಾಣ ಹೇಳಿದರೆ ತಲೆ ತಿರುಗುತ್ತದೆ. 2023ರ ಆ ಭೂಕಂಪದ ಅವಶೇಷ 11.6 ಕೋಟಿಯಿಂದ 21 ಕೋಟಿ ಟನ್ ಇರಬಹುದು ಅಂತ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಒಂದು ಮೀಟರ್ ಎತ್ತರಕ್ಕೆ ಹರಡಿದರೆ 100 ಚದರ ಕಿಲೋಮೀಟರ್ ಜಾಗ ಬೇಕು. 2010ರಲ್ಲಿ ಹೈಟಿಯ ಪೋರ್ಟೊಪ್ರಿನ್ಸ್ ಸುತ್ತ ಬಿದ್ದದ್ದು ಸುಮಾರು 1 ಕೋಟಿ ಘನ ಮೀಟರ್, ಅಲ್ಲಿ ಗಲ್ಲಿಗಳಿಗೆ ಲಾರಿ ಹೋಗದೆ ಜನ ಕೈಗಾಡಿಯಲ್ಲಿ, ಬಕೆಟ್ಟಿನಲ್ಲಿ ಹೊತ್ತು ಹಾಕಿದರು. ಕ್ರೈಸ್ಟ್‌ಚರ್ಚ್‌ನಲ್ಲಿ ಕಟ್ಟಡದ ರಾಶಿ ಸಾಲದು ಅಂತ ನೆಲದೊಳಗಿನಿಂದ ಉಕ್ಕಿ ಬಂದ ಬೂದು ಕೆಸರು ಬೇರೆ, ಲಕ್ಷಗಟ್ಟಲೆ ಟನ್. ಕಾಲೇಜು ಹುಡುಗರು ಸಲಿಕೆ ಹಿಡಿದು ಮನೆ ಮನೆ ಅಂಗಳ ಗುಡಿಸಿಕೊಟ್ಟರು. ಅಲ್ಲಿನ ಲಿಟಲ್ಟನ್ ಬಂದರಿನಲ್ಲಿ ಒಡೆದ ಕಾಂಕ್ರೀಟು ಇಟ್ಟಿಗೆಗಳನ್ನೇ ಸಮುದ್ರಕ್ಕೆ ತುಂಬಿ 10 ಹೆಕ್ಟೇರ್ ಹೊಸ ಜಾಗ ಮಾಡಿಕೊಂಡರು. ಚೆನ್ನಾಗಿ ಬೇರೆ ಮಾಡಿದರೆ ಈ ರಾಶಿಯ ಬಹುಪಾಲು ಮತ್ತೆ ಉಪಯೋಗಕ್ಕೆ ಬರುತ್ತದೆ. ಕಾಂಕ್ರೀಟು ಪುಡಿ ಮಾಡಿದರೆ ರಸ್ತೆಯ ಅಡಿಗೆ ಜಲ್ಲಿ, ಕಂಬಿ ಕರಗಿಸಿದರೆ ಕಂಬಿ.

ಬೇರೆ ಮಾಡದೆ ತುಂಬಿದರೆ ಆಗುವುದು ಬೇರೆ. ಹಳೇ ಕಟ್ಟಡಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಚಾವಣಿ ಶೀಟು, ಪೈಪು, ಬಾಯ್ಲರಿನ ಹೊದಿಕೆ, ಎಲ್ಲೆಲ್ಲೋ. ನಿಂತ ಗೋಡೆಯಲ್ಲಿ ಇದ್ದಷ್ಟು ದಿನ ಅದು ಸುಮ್ನೆ ಇರುತ್ತದೆ. ಜೆಸಿಬಿ ಜಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಟರ್ಕಿ ಅದನ್ನು ನಿಷೇಧಿಸಿದ್ದು 2010ರಲ್ಲಿ, ಅಂದರೆ ಅದಕ್ಕಿಂತ ಹಳೆಯ ಯಾವ ಕಟ್ಟಡ ಬಿದ್ದರೂ ಅನುಮಾನ ಪಡಲೇಬೇಕು. ಕೋಬೆಯಲ್ಲಿ 1995ರಲ್ಲಿ ಕಟ್ಟಡ ಒಡೆದ ಕೆಲಸಗಾರರಲ್ಲಿ ಕೆಲವರಿಗೆ ಹತ್ತು ಹದಿನೈದು ವರ್ಷ ಆದ ಮೇಲೆ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಬಂತು, ಅದನ್ನು ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡರು. ಭೂಕಂಪದಲ್ಲಿ ಸತ್ತವರ ಲೆಕ್ಕದಲ್ಲಿ ಅವರ ಹೆಸರು ಬರುವುದಿಲ್ಲ. ಒಂದು ಒಳ್ಳೆಯ ಮಾಸ್ಕು, ಒಂದು ನೀರಿನ ಪೈಪು, ಒಡೆಯುವ ಮೊದಲು ಆ ಶೀಟುಗಳನ್ನು ಕೈಯಲ್ಲಿ ಬಿಚ್ಚಿ ಚೀಲಕ್ಕೆ ಹಾಕುವ ಇಬ್ಬರು ಆಳು, ಇಷ್ಟು ಬೇಕಿತ್ತು. ಎಲ್ಲರ ಚಿತ್ರದಲ್ಲೂ ನೋಡಿ, ರಾಶಿಯ ಮೇಲಿನ ಕೆಲಸಗಾರನ ಮುಖದಲ್ಲಿ ಏನಿರುತ್ತದೆ ಅಂತ. ಜಾಸ್ತಿ ಅಂದರೆ ಒಂದು ಬಟ್ಟೆ.

ಹಳೇ ಊರುಗಳ ರಾಶಿಯಂತೂ ಪೂರಾ ಬೇರೆ ಜಾತಿಯದು. 2015ರ ಏಪ್ರಿಲ್ 25ರಂದು ಕಠ್ಮಂಡುವಿನಲ್ಲಿ ಕಾಷ್ಠಮಂಡಪ ಬಿತ್ತು. ಆ ನಗರಕ್ಕೆ ಹೆಸರು ಬಂದದ್ದೇ ಆ ಮಂಟಪದಿಂದ ಅನ್ನುತ್ತಾರೆ. ಆ ಹೊತ್ತಿಗೆ ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ಜನರನ್ನು ಹೊರತೆಗೆಯುವ ಅವಸರದಲ್ಲಿ ಯಂತ್ರ ಬಂತು, ಅದು ಸರಿಯೇ. ಆದರೆ ಜನರನ್ನು ತೆಗೆದ ಮೇಲೂ ಪಾರಂಪರಿಕ ಜಾಗಗಳಲ್ಲಿ ಗುಡಿಸುವ ಅವಸರ ನಿಲ್ಲಲಿಲ್ಲ ಅಂತ ಪುರಾತತ್ವದವರು ಗೋಳಾಡಿದರು. ಇನ್ನು ಕೆಲವು ಕಡೆ ಸ್ಥಳೀಯರೇ ಸಾಲಾಗಿ ನಿಂತು ಕೆತ್ತನೆಯ ಕಂಬ, ಚೌಕಟ್ಟು, ಇಟ್ಟಿಗೆ ಎಲ್ಲ ಕೈಯಿಂದ ಕೈಗೆ ದಾಟಿಸಿ ಪೇರಿಸಿಟ್ಟರು. ಆಮೇಲೆ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ತಜ್ಞರೂ ನೇಪಾಳದ ಪುರಾತತ್ವ ಇಲಾಖೆಯವರೂ ಸೇರಿ ಕಾಷ್ಠಮಂಡಪದ ಪಾಯ ಅಗೆದು ನೋಡಿದರು. ಆ ಮಂಟಪ 12ನೇ ಶತಮಾನದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ಪಾಯ 7ನೇ ಶತಮಾನಕ್ಕೆ ಹೋಯಿತು. ಅಷ್ಟೇ ಅಲ್ಲ, ಪಾಯ ಗಟ್ಟಿಯಾಗಿಯೇ ಇತ್ತು. ಬಿದ್ದದ್ದಕ್ಕೆ ಕಾರಣ ಹಳೇ ಪಾಯ ಅಂತ ಯಾರಾದರೂ ಮೊದಲೇ ಕಾಂಕ್ರೀಟು ಸುರಿದಿದ್ದರೆ ಒಂದು ಸಾವಿರ ವರ್ಷಕ್ಕೂ ಹೆಚ್ಚು ಹಳೆಯ ಒಳ್ಳೆಯ ಕೆಲಸವೊಂದು ಅಡಿಯಲ್ಲಿ ಹಾಳಾಗುತ್ತಿತ್ತು.

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಕೇಳಬಹುದು, ಹಾಗಾದರೆ ರಾಶಿಯನ್ನು ವರ್ಷಗಟ್ಟಲೆ ಹಾಗೇ ಬಿಡಬೇಕಾ ಅಂತ. ಬೇಡ. ಒಳಗಿನವರನ್ನು ತೆಗೆದಾದ ಮೇಲೆ ಒಂದು ಕಟ್ಟಡಕ್ಕೆ ಒಬ್ಬ ಇಂಜಿನಿಯರ್, ಅರ್ಧ ದಿನ ಸಾಕು. ನೆಲಮಹಡಿಯ ಕಾಲಮ್ಮುಗಳ ಬುಡ ತಲೆ ಎರಡರದ್ದೂ ಚಿತ್ರ, ಪಕ್ಕದಲ್ಲಿ ಟೇಪು ಇಟ್ಟು ತೆಗೆದದ್ದು. ರಿಂಗಿನ ಅಂತರ, ಕಂಬಿಯ ದಪ್ಪ, ಕೊಕ್ಕೆಯ ಬಾಗು ಬರೆದುಕೊಳ್ಳುವುದು. ಹೆಚ್ಚು ಜಜ್ಜದ ಒಂದೆರಡು ಕಾಲಮ್ ತುಂಡನ್ನು ಹಾಗೇ ಎತ್ತಿ, ಎಲ್ಲಿಯದು ಅಂತ ಬಣ್ಣದಲ್ಲಿ ಬರೆದು, ಬೀಗ ಇರುವ ಒಂದು ಬಯಲಿನಲ್ಲಿ ಇಡುವುದು. ಮನೆಯವರಿಗೆ ಒಂದು ಪ್ರತಿ. ಕಲ್ನಾರು ಇದೆಯಾ ಅಂತ ಒಂದು ಕಣ್ಣು ಹಾಯಿಸುವುದೂ ಅದೇ ಅರ್ಧ ದಿನದಲ್ಲಿ ಆಗುತ್ತದೆ. ಮಾರನೇ ದಿನ ಬೆಳಿಗ್ಗೆ ಜೆಸಿಬಿ ಬರಲಿ, ನಾನೇನೂ ಅಡ್ಡ ನಿಲ್ಲುವುದಿಲ್ಲ. ಸಾವಿರಾರು ಕಟ್ಟಡ ಬಿದ್ದಿರುವಾಗ ಅಷ್ಟು ಇಂಜಿನಿಯರ್ ಎಲ್ಲಿಂದ ತರುವುದು ಅಂದರೆ, ಕೊನೆಯ ವರ್ಷದ ಸಿವಿಲ್ ಹುಡುಗ ಹುಡುಗಿಯರನ್ನು ಕಳಿಸಿ, ಒಬ್ಬ ಹಿರಿಯರ ಜೊತೆ. ನಾಲ್ಕು ವರ್ಷ ಕ್ಲಾಸಿನಲ್ಲಿ ಕೂತು ಕಲಿಯದ್ದನ್ನು ಒಂದು ವಾರದಲ್ಲಿ ಕಲಿಯುತ್ತಾರೆ. ಆಮೇಲೆ ಅವರು ಸೈಟಿಗೆ ಹೋದಾಗ ಬಾರ್ ಬೆಂಡರ್‌ಗೆ ಕೊಕ್ಕೆ ಬಗ್ಗಿಸು ಅಂತ ಹೇಳೋಕೆ ಯಾರೂ ಅವರಿಗೆ ನೆನಪು ಮಾಡಬೇಕಾಗಿಲ್ಲ.